ಅಳೆಯುವ ಸೇರೇ ಸೋರಿದಾಗ

ಅಂಗಡಿಯಿಂದ ತರಬೇಕಾಗಿದ್ದುದು ಮೂರು ಸಾಮಾನು: ಅರ್ಧ ಕಿಲೋ ತೊಗರಿಬೇಳೆ, ಒಂದು ಬೆಂಕಿಪೊಟ್ಟಣ, ಕಾಲು ಕಿಲೋ ಬೆಲ್ಲ. ಇಪ್ಪತ್ತೆಂಟು ವರ್ಷದ ಮಗ ಬೇಳೆಯೊಂದನ್ನೇ ಹಿಡಿದು ಬರುತ್ತಾನೆ.

"ಬೆಲ್ಲ ಎಲ್ಲೋ?"

"ಬೆಲ್ಲ ಯಾವಾಗ ಹೇಳ್ದೆ? ನೀನು ಹೇಳಿದ್ದು ಬೇಳೆ ಒಂದೇ ಅಲ್ವೇನಮ್ಮ."

ಮೂರನ್ನೂ ಎರಡೆರಡು ಸಲ ಹೇಳಿದ್ದು ತಾಯಿಗೆ ಚೆನ್ನಾಗಿ ನೆನಪಿದೆ. ಮಗನ ಮುಖದಲ್ಲಿ ಸುಳ್ಳಿನ ಸುಳಿವೂ ಇಲ್ಲ.

ಈ ದೃಶ್ಯ ಯಾವುದೋ ಒಂದು ಮನೆಯದಲ್ಲ. ಸ್ಕಿಜೋಫ್ರೇನಿಯಾ ಇರುವವರ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತುಗಳನ್ನು ಜೋಡಿಸಿ ನಾನು ಕಟ್ಟಿಕೊಂಡದ್ದು. ಈ ಮಗನಿಗೆ ಮೂರು ವರ್ಷದ ಹಿಂದೆ ಯಾರೂ ಇಲ್ಲದ ಕಡೆ ದನಿಗಳು ಕೇಳುತ್ತಿದ್ದವು, ಪಕ್ಕದ ಮನೆಯವರು ತನ್ನ ಮೇಲೆ ಕಣ್ಣಿಟ್ಟಿದ್ದಾರೆ ಎಂಬ ಗುಮಾನಿ ಬಲವಾಗಿತ್ತು ಅಂದುಕೊಳ್ಳಿ. ಮಾತ್ರೆ ಶುರುವಾಗಿ ಕೆಲವು ತಿಂಗಳಲ್ಲಿ ದನಿಗಳು ಅಡಗಿದವು, ಗುಮಾನಿ ಕರಗಿತು. ಗಂಡಾಂತರ ಕಳೆಯಿತು ಎಂದು ಮನೆಯವರು ನಿಟ್ಟುಸಿರುಬಿಟ್ಟರು. ಆದರೆ ನಿಂತುಹೋದ ಡಿಪ್ಲೊಮಾ ಮುಂದುವರಿಯಲಿಲ್ಲ. ಸೇರಿದ ಕೆಲಸ ಎರಡು ವಾರಕ್ಕೇ ಕೈತಪ್ಪಿತು. ಅಪ್ಪ 'ಸೋಮಾರಿ' ಅನ್ನುತ್ತಾರೆ, ಅಣ್ಣ 'ಬೇಕಂತಲೇ ಮಾಡ್ತಾನೆ' ಅನ್ನುತ್ತಾನೆ. ಅವನನ್ನೇ ಕೇಳಿದರೆ ಉತ್ತರ ಒಂದೇ: "ನನಗೇನಾಗಿದೆ? ಚೆನ್ನಾಗೇ ಇದ್ದೀನಲ್ಲ."

ಆ ಒಂದು ಉತ್ತರವನ್ನು ಅರ್ಥಮಾಡಿಕೊಳ್ಳಲು ಹೊರಟ ಅಧ್ಯಾಯವಿದು. ಮನೆಯವರು ಅದನ್ನು ಹಟ ಎಂದುಕೊಳ್ಳುತ್ತಾರೆ. ವಿಜ್ಞಾನ ಕಳೆದ ಕೆಲವು ದಶಕಗಳಲ್ಲಿ ಕಲಿತದ್ದು ಬೇರೆಯೇ.

ಮೊದಲೇ ಕಂಡಿದ್ದು, ಆಮೇಲೆ ಮರೆತದ್ದು

ಮರೆವು, ಗಮನ ಜಾರುವುದು, ಯೋಚನೆ ನಿಧಾನವಾಗುವುದು ಈ ಕಾಯಿಲೆಯ ಒಂದು ಭಾಗವೇ ಎಂಬುದು ಹೊಸ ವಿಷಯವಲ್ಲ. 1890ರ ದಶಕದಲ್ಲಿ ಜರ್ಮನಿಯ ಮನೋವೈದ್ಯ ಎಮಿಲ್ ಕ್ರೆಪೆಲಿನ್ ಇದನ್ನು ವಿವರಿಸಿದಾಗ 'ಡಿಮೆನ್ಷಿಯಾ ಪ್ರೀಕಾಕ್ಸ್' ಎಂದು ಕರೆದಿದ್ದರು. ಎಳೆಯ ವಯಸ್ಸಿಗೇ ಬರುವ ಬುದ್ಧಿಕುಸಿತ ಎಂದು ಅದರ ಅರ್ಥ. ಎಲ್ಲರಲ್ಲೂ ಬುದ್ಧಿ ಕುಸಿಯುವುದಿಲ್ಲ, ಎಲ್ಲರಲ್ಲೂ ಎಳೆತನದಲ್ಲೇ ಬರುವುದಿಲ್ಲ ಎಂದು ಕಂಡುಕೊಂಡ ಸ್ವಿಟ್ಜರ್ಲೆಂಡಿನ ಆಯ್ಗೆನ್ ಬ್ಲಾಯ್ಲರ್ 1908ರಲ್ಲಿ 'ಸ್ಕಿಜೋಫ್ರೇನಿಯಾ' ಎಂಬ ಹೆಸರು ಕೊಟ್ಟರು. ಗ್ರೀಕ್ ಭಾಷೆಯ ಸೀಳು, ಮನಸ್ಸು ಎಂಬ ಎರಡು ಪದಗಳನ್ನು ಕೂಡಿಸಿ ಮಾಡಿದ ಹೆಸರು. ಒಬ್ಬರೊಳಗೆ ಇಬ್ಬರು ಮನುಷ್ಯರು ಎಂದು ಸಿನಿಮಾಗಳು ನಮಗೆ ಕಲಿಸಿದ್ದು ತಪ್ಪು. ಯೋಚನೆಯನ್ನೂ ಭಾವನೆಯನ್ನೂ ಕೂಡಿಸುವ ಎಳೆ ಸಡಿಲವಾಗುತ್ತದೆ ಎಂಬುದು ಬ್ಲಾಯ್ಲರ್ ಅವರ ಅಭಿಪ್ರಾಯವಾಗಿತ್ತು.

1952ರಲ್ಲಿ ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಜಾನ್ ಡಿಲೇ ಮತ್ತು ಪಿಯರ್ ಡೆನಿಕರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜೀನ್ ಔಷಧಿಯನ್ನು ಇಂಥ ರೋಗಿಗಳಿಗೆ ಕೊಟ್ಟು ನೋಡಿದರು. ದನಿಗಳು ತಗ್ಗಿದವು, ಉದ್ವೇಗ ಇಳಿಯಿತು. ಆಸ್ಪತ್ರೆಯಲ್ಲೇ ಜೀವ ಸವೆಸುತ್ತಿದ್ದವರು ಮನೆಗೆ ಮರಳುವಂತಾಯಿತು. ಅದು ನಿಜಕ್ಕೂ ದೊಡ್ಡ ಗೆಲುವು. ಆದರೆ ಆ ಬಳಿಕ 'ಗುಣವಾಯಿತೇ' ಎಂಬ ಪ್ರಶ್ನೆ 'ದನಿ ನಿಂತಿತೇ' ಎಂಬಷ್ಟಕ್ಕೆ ಕುಗ್ಗಿತು. ಗದ್ದಲ ಮಾಡದ ತೊಂದರೆಗಳು, ಅಂದರೆ ನೆನಪು, ಗಮನ, ಯೋಜನೆಗಳ ತೊಡಕು, ದಶಕಗಟ್ಟಲೆ ಬದಿಗೆ ಸರಿದವು.

ಮಾತ್ರೆ ತಲುಪದ ಜಾಗ

ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ 2000ದ ದಶಕದ ಆರಂಭದಲ್ಲಿ 'ಮ್ಯಾಟ್ರಿಕ್ಸ್' ಎಂಬ ಯೋಜನೆಯಡಿ ಪರಿಣತರನ್ನು ಸೇರಿಸಿ ಈ ತೊಡಕುಗಳನ್ನು ಅಳೆಯಲು ಏಳು ವಿಭಾಗಗಳನ್ನು ಗುರುತಿಸಿತು. ಯೋಚನೆಯ ವೇಗ, ಎಡೆಬಿಡದ ಗಮನ, ಕೆಲಸದ ನೆನಪು, ಕೇಳಿದ್ದನ್ನು ಕಲಿಯುವುದು, ಕಂಡದ್ದನ್ನು ಕಲಿಯುವುದು, ಸಮಸ್ಯೆ ಬಿಡಿಸುವುದು, ಇನ್ನೊಬ್ಬರ ಮನಸ್ಸನ್ನು ಓದುವುದು.

ಇವುಗಳಲ್ಲಿ 'ಕೆಲಸದ ನೆನಪು' ಎಂದರೆ ಮಾಡುತ್ತಿರುವ ಕೆಲಸ ಮುಗಿಯುವವರೆಗೆ ಮನಸ್ಸು ಮಡಿಲಲ್ಲಿ ಹಿಡಿದಿಟ್ಟುಕೊಳ್ಳುವಂಥದ್ದು. ಬೇಳೆ, ಬೆಂಕಿಪೊಟ್ಟಣ, ಬೆಲ್ಲ ಅಂಗಡಿ ತಲುಪುವವರೆಗೆ ಕೂತಿರಬೇಕಾದುದು ಅಲ್ಲೇ. ಹಣೆಯ ಹಿಂಭಾಗದಲ್ಲಿರುವ ಮಿದುಳಿನ ಮುಂಗವಚಕ್ಕೂ ಈ ಶಕ್ತಿಗೂ ಇರುವ ನಂಟನ್ನು ಯೇಲ್ ವಿಶ್ವವಿದ್ಯಾಲಯದ ಪೆಟ್ರೀಶಿಯಾ ಗೋಲ್ಡ್‌ಮನ್-ರಾಕಿಕ್ ಕೋತಿಗಳಲ್ಲಿ ತೋರಿಸಿಕೊಟ್ಟರು. ಪರದೆಯ ಮೇಲಿನ ಚುಕ್ಕೆ ಮಾಯವಾದ ಮೇಲೂ ಅದಿದ್ದ ಜಾಗವನ್ನು ನೆನಪಿಡಬೇಕಾದಷ್ಟು ಹೊತ್ತು ಅಲ್ಲಿನ ಕೆಲವು ನರಕೋಶಗಳು ಮಿಡಿಯುತ್ತಲೇ ಇರುತ್ತವೆ. ಕಣ್ಣೆದುರಿಂದ ಹೋದದ್ದನ್ನು ಮಿದುಳು ಹೀಗೆ ಹಿಡಿದಿಡುತ್ತದೆ. ಸ್ಕಿಜೋಫ್ರೇನಿಯಾದಲ್ಲಿ ಈ ಹಿಡಿತ ಸಡಿಲ. ಈಗಿನ ಬಹುಪಾಲು ಔಷಧಿಗಳು ಮುಖ್ಯವಾಗಿ ಡೋಪಮೀನ್ ಎಂಬ ರಾಸಾಯನಿಕವನ್ನು ಸ್ವೀಕರಿಸುವ ತಾಣಗಳನ್ನು ತಡೆಯುತ್ತವೆ. ಮಿದುಳಿನ ಆಳದಲ್ಲಿ ಡೋಪಮೀನ್ ಅತಿಯಾಗಿ ಹುಟ್ಟಿಸುವ ದನಿ, ಗುಮಾನಿಗಳಿಗೆ ಅದು ಮದ್ದು. ಮುಂಗವಚದ ಸಡಿಲ ಹಿಡಿತಕ್ಕೆ ಅದು ಹೆಚ್ಚೇನೂ ಮಾಡಲಾರದು.

ತೊಡಕು ಎಷ್ಟು ದೊಡ್ಡದು? ಆರೋಗ್ಯವಂತರಾದ ನೂರು ಜನರನ್ನು ಇಂಥ ಪರೀಕ್ಷೆಗಳ ಅಂಕದಂತೆ ಸಾಲಾಗಿ ನಿಲ್ಲಿಸಿ. ಸ್ಕಿಜೋಫ್ರೇನಿಯಾ ಇರುವವರ ಸರಾಸರಿ ಅಂಕ ಆ ಸಾಲಿನಲ್ಲಿ ಹಿಂದಿನಿಂದ ಏಳನೆಯ ಮತ್ತು ಹದಿನಾರನೆಯ ಜಾಗದ ನಡುವೆ ಎಲ್ಲೋ ಬರುತ್ತದೆ. ಸರಾಸರಿ ಎಂಬ ಮಾತನ್ನು ಮರೆಯಬಾರದು. ಸುಮಾರು ನಾಲ್ಕರಲ್ಲಿ ಒಬ್ಬರ ಅಂಕ ಎಲ್ಲರಂತೆಯೇ ಇರುತ್ತದೆ. ಇದು ಮುಪ್ಪಿನ ಮರೆವಿನಂತೆ ವರ್ಷದಿಂದ ವರ್ಷಕ್ಕೆ ಜರಿಯುತ್ತ ಹೋಗುವಂಥದ್ದೂ ಅಲ್ಲ. ಬಹುಪಾಲು ಜನರಲ್ಲಿ ಇದ್ದಷ್ಟರಲ್ಲೇ ನಿಲ್ಲುತ್ತದೆ. ಬೇರು ಮಾತ್ರ ಹಳೆಯದು. ನ್ಯೂಜಿಲೆಂಡಿನ ಡನೀಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನದಲ್ಲಿ, ಮುಂದೆ ಸ್ಕಿಜೋಫ್ರೇನಿಯಾ ಬಂದವರಲ್ಲಿ ಈ ಹಿಂದುಳಿಕೆಯ ಗುರುತು ಬಾಲ್ಯದ ಪರೀಕ್ಷೆಗಳಲ್ಲೇ ಕಂಡಿತು.

ಇದು ಬದುಕಿಗೆ ಎಷ್ಟು ಮುಖ್ಯ ಎಂಬುದನ್ನು ಲಾಸ್ ಏಂಜಲಿಸ್ಸಿನ ಮೈಕೆಲ್ ಗ್ರೀನ್ 1996ರ ಲೇಖನವೊಂದರಲ್ಲಿ ಮುಂದಿಟ್ಟರು. ಕೆಲಸ ಹಿಡಿಯುವುದು, ಸ್ನೇಹ ಉಳಿಸಿಕೊಳ್ಳುವುದು, ಹೊಸದನ್ನು ಕಲಿಯುವುದು ಇವೆಲ್ಲ ನೆನಪು, ಗಮನಗಳ ಜೊತೆ ಹೊಂದಿಕೊಂಡಷ್ಟು ದನಿ, ಗುಮಾನಿಗಳ ಜೊತೆ ಹೊಂದಿಕೊಂಡಿರಲಿಲ್ಲ. ದನಿ ನಿಂತ ಮೇಲೂ ಬದುಕು ಯಾಕೆ ಹಳಿಗೆ ಬರಲಿಲ್ಲ ಎಂಬ ಎಷ್ಟೋ ಮನೆಗಳ ಪ್ರಶ್ನೆಗೆ ಉತ್ತರದ ದೊಡ್ಡ ಪಾಲು ಇಲ್ಲಿದೆ.

ಅವರಿಗೆ ಗೊತ್ತೇ?

ಕನ್ನಡದ 'ಅರಿವು' ಎಂಬ ಮಾತು ಎರಡು ಕೆಲಸ ಮಾಡುತ್ತದೆ. ತಿಳಿಯುವ ಶಕ್ತಿಯೂ ಅರಿವೇ, ತನಗೇನು ತಿಳಿದಿದೆ ಏನು ತಿಳಿದಿಲ್ಲ ಎಂಬ ಎಚ್ಚರವೂ ಅರಿವೇ. ಮೊದಲನೆಯದು ಕುಂದಿದಾಗ ಎರಡನೆಯದು ಏನಾಗುತ್ತದೆ?

ಒಂದು ಉತ್ತರ ಸ್ಕಾಟ್ಲೆಂಡಿನಿಂದ ಬಂತು. ಆಂಡ್ರ್ಯೂ ಮೆಗೀ ಮತ್ತು ಜೇಮ್ಸ್ ಚಾಪ್‌ಮನ್ 1961ರಲ್ಲಿ, ಕಾಯಿಲೆಯ ಆರಂಭದ ಹಂತದಲ್ಲಿದ್ದವರ ಮಾತುಗಳನ್ನು ತಾಳ್ಮೆಯಿಂದ ಕೇಳಿ ಬರೆದಿಟ್ಟರು. ಸುತ್ತಲ ಸದ್ದೆಲ್ಲ ಒಂದೇ ಸಮ ಒಳನುಗ್ಗುತ್ತದೆ, ಬೇಕಾದ್ದನ್ನು ಆರಿಸಿಕೊಳ್ಳಲು ಆಗುವುದಿಲ್ಲ, ಎದುರಿನವರ ಮಾತು ಬಿಡಿ ಬಿಡಿ ಪದಗಳಾಗಿ ಕೇಳುತ್ತದೆ, ಪೂರ್ತಿ ಅರ್ಥವಾಗುವುದಿಲ್ಲ ಎಂಬಂಥ ಅನುಭವಗಳು ಅಲ್ಲಿದ್ದವು. ತಮ್ಮ ತೊಡಕನ್ನು ಇಷ್ಟು ಚೆನ್ನಾಗಿ ಬಣ್ಣಿಸಬಲ್ಲವರಿಗೆ ಅದರ ಎಚ್ಚರ ಇಲ್ಲ ಎನ್ನುವುದು ಹೇಗೆ?

ಮುಂದೆ ಸಂಶೋಧಕರು ಈ ಎಚ್ಚರವನ್ನೂ ಅಳೆಯಲು ಹೊರಟರು. ಕೆನಡಾದ ಮಾಂಟ್ರಿಯಲ್‌ನಲ್ಲಿ ಎಮಾನ್ಯುಯೆಲ್ ಸ್ಟಿಪ್ ಮತ್ತು ಸಂಗಡಿಗರು 2003ರಲ್ಲಿ 21 ಪ್ರಶ್ನೆಗಳ ಒಂದು ಪಟ್ಟಿ ಸಿದ್ಧಪಡಿಸಿದರು. ಮಾತ್ರೆಯ ಹೆಸರು ನೆನಪಿರುತ್ತದೆಯೇ, ಓದುವಾಗ ಗಮನ ಹರಿಯುತ್ತದೆಯೇ ಎಂಬಂಥ ದಿನನಿತ್ಯದ ಪ್ರಶ್ನೆಗಳು. ಹೀಗೆ ಜನ ತಾವೇ ಹೇಳಿಕೊಂಡದ್ದನ್ನು ಪರೀಕ್ಷೆಯ ಅಂಕಗಳ ಪಕ್ಕದಲ್ಲಿಟ್ಟು ನೋಡಿದ ಅಧ್ಯಯನಗಳಲ್ಲಿ ಎರಡರ ಹೊಂದಾಣಿಕೆ ಸಾಮಾನ್ಯವಾಗಿ ದುರ್ಬಲವಾಗಿತ್ತು. ಅಂಕ ತೀರಾ ಕಡಿಮೆ ಬಂದ ಕೆಲವರು ಏನೂ ತೊಂದರೆಯಿಲ್ಲ ಎಂದಿದ್ದರು. ಅಂಕ ಚೆನ್ನಾಗಿದ್ದ ಕೆಲವರು ತಲೆಯೇ ಓಡುವುದಿಲ್ಲ ಎಂದು ನೊಂದುಕೊಂಡಿದ್ದರು. ನ್ಯೂಯಾರ್ಕಿನ ಆಲಿಸ್ ಮೆಡಾಲಿಯಾ ಇನ್ನೊಂದು ಸೂಕ್ಷ್ಮವನ್ನು ಗಮನಿಸಿದರು. ದನಿ, ಗುಮಾನಿಗಳು ಕಾಯಿಲೆಯಿಂದ ಬಂದವು ಎಂದು ಒಪ್ಪಿಕೊಂಡವರಲ್ಲೂ ನೆನಪು, ಗಮನಗಳ ತೊಡಕಿನ ಬಗ್ಗೆ ಅಷ್ಟು ಎಚ್ಚರ ಇರಲಿಲ್ಲ.

ಇದನ್ನು ತಿಳಿದಾಗಿನಿಂದ 'ನಿಮಗೆ ಮರೆವು ಇದೆಯೇ' ಎಂಬ ಪ್ರಶ್ನೆಯೇ ನನಗೆ ಅಪೂರ್ಣ ಅನ್ನಿಸತೊಡಗಿತು. ಮರೆತವರನ್ನೇ ಮರೆವಿನ ಲೆಕ್ಕ ಕೇಳುತ್ತೇವೆ. ಬೇಳೆಯೊಂದನ್ನೇ ತಂದ ಮಗನಿಗೆ ಬೆಲ್ಲ ಮರೆತುಹೋಗಿದೆ ಅನ್ನಿಸಿಯೇ ಇಲ್ಲ, ಏಕೆಂದರೆ ಬೆಲ್ಲದ ಮಾತು ಅವನ ಮನಸ್ಸಿನಲ್ಲಿ ಕೂರಲೇ ಇಲ್ಲ. ರಾಗಿ ಅಳೆಯುವ ಸೇರಿನ ತಳ ಸೋರುತ್ತಿದ್ದರೆ ಎಷ್ಟು ಸೋರಿತು ಎಂದು ಆ ಸೇರಿನಿಂದಲೇ ಅಳೆದು ತಿಳಿಯಲಾದೀತೇ?

ಸೋರಿಕೆ ಎಲ್ಲಿ?

1914ರಲ್ಲಿ ಫ್ರಾನ್ಸಿನ ನರವೈದ್ಯ ಜೋಸೆಫ್ ಬಬಿನ್‌ಸ್ಕಿ ಪಾರ್ಶ್ವವಾಯು ಬಡಿದ ಕೆಲವರಲ್ಲಿ ಒಂದು ವಿಚಿತ್ರ ಕಂಡರು. ಎಡಗೈ ಅಲುಗಾಡದಿದ್ದರೂ ಅವರಿಗೆ ಅದರ ಪರಿವೆಯೇ ಇರಲಿಲ್ಲ. ಕಾಯಿಲೆಯ ಅರಿವಿಲ್ಲದಿರುವ ಈ ಸ್ಥಿತಿಗೆ ಅವರು 'ಅನೊಸೊಗ್ನೋಸಿಯಾ' ಎಂದು ಹೆಸರಿಟ್ಟರು. ತನ್ನ ಸ್ಥಿತಿಯನ್ನು ತಾನೇ ಗಮನಿಸುವುದು ಮಿದುಳಿನ ಒಂದು ಪ್ರತ್ಯೇಕ ಕೆಲಸ, ಅದಕ್ಕೂ ಪೆಟ್ಟು ಬೀಳಬಹುದು ಎಂಬುದು ಅಲ್ಲಿಂದ ಸ್ಪಷ್ಟವಾಯಿತು.

ಆ ಕೆಲಸವನ್ನು ಸ್ಕಿಜೋಫ್ರೇನಿಯಾದಲ್ಲಿ ಬಿಡಿಸಿ ನೋಡಿದವರು ಇಸ್ರೇಲಿನ ಡ್ಯಾನಿ ಕೋರೆನ್ ಮತ್ತು ಸಂಗಡಿಗರು. 2004ರಲ್ಲಿ ಪ್ರಕಟವಾದ ಅವರ ಅಧ್ಯಯನ ಇಸ್ಪೀಟಿನಂಥ ಎಲೆಗಳ ಹಳೆಯದೊಂದು ಪರೀಕ್ಷೆಯನ್ನು ಬಳಸಿತು. ಬಣ್ಣ, ಆಕಾರ, ಸಂಖ್ಯೆಗಳಲ್ಲಿ ಬೇರೆಬೇರೆಯಾದ ಎಲೆಗಳನ್ನು ಯಾವುದೋ ಒಂದು ನಿಯಮದಂತೆ ವಿಂಗಡಿಸಬೇಕು. ನಿಯಮ ಏನೆಂದು ಹೇಳುವುದಿಲ್ಲ, 'ಸರಿ' ಅಥವಾ 'ತಪ್ಪು' ಎಂದಷ್ಟೇ ಹೇಳುತ್ತಾರೆ. ಕೈ ಕುದುರಿತು ಅನ್ನುವಾಗ ಹೇಳದೆ ಕೇಳದೆ ನಿಯಮ ಬದಲಾಗುತ್ತದೆ. ಕೋರೆನ್ ಇದಕ್ಕೆ ಎರಡು ಪ್ರಶ್ನೆ ಸೇರಿಸಿದರು. ಪ್ರತಿ ಎಲೆ ಇಟ್ಟ ಮೇಲೆ, ಸರಿ-ತಪ್ಪು ಹೇಳುವ ಮೊದಲು: ಇದು ಸರಿ ಎಂಬ ಭರವಸೆ ನಿಮಗೆ ಎಷ್ಟಿದೆ? ಇದನ್ನು ಅಂಕಕ್ಕೆ ಲೆಕ್ಕ ಹಿಡಿಯೋಣವೇ, ಬಿಟ್ಟುಬಿಡೋಣವೇ?

ಎಷ್ಟು ಎಲೆ ಸರಿಯಿಟ್ಟರು ಎಂಬುದಕ್ಕಿಂತ, ತಮ್ಮ ಸರಿ-ತಪ್ಪುಗಳನ್ನು ಎಷ್ಟು ಸರಿಯಾಗಿ ಅಂದಾಜು ಮಾಡಿದರು ಎಂಬುದೇ ಕಾಯಿಲೆಯ ಬಗ್ಗೆ ಅವರಿಗಿದ್ದ ಎಚ್ಚರದ ಜೊತೆ ಹೆಚ್ಚು ಹೊಂದಿಕೊಂಡಿತು. ಎಡವುವುದು ಬೇರೆ, ಎಡವಿದೆ ಎಂದು ತಿಳಿಯುವುದು ಬೇರೆ. ಈ ಎರಡನೆಯದನ್ನು ಮನೋವಿಜ್ಞಾನಿಗಳು 'ಮೆಟಾಕಾಗ್ನಿಷನ್' ಅನ್ನುತ್ತಾರೆ. ಅರಿವಿನ ಮೇಲಿನ ಅರಿವು ಎಂದು ನಾವು ಹೇಳಿಕೊಳ್ಳಬಹುದು. ಜರ್ಮನಿಯ ಹ್ಯಾಂಬರ್ಗಿನಲ್ಲಿ ಸ್ಟೆಫೆನ್ ಮೊರಿಟ್ಸ್ ತಂಡ ಇದಕ್ಕೆ ಇನ್ನೊಂದು ಮುಖ ತೋರಿಸಿತು. ಸ್ಕಿಜೋಫ್ರೇನಿಯಾ ಇರುವವರಲ್ಲಿ ತಪ್ಪು ನೆನಪಿನ ಮೇಲೂ ಗಟ್ಟಿ ನಂಬಿಕೆ ಇರುವುದು ಹೆಚ್ಚು. 'ನೀನು ಹೇಳಿದ್ದು ಬೇಳೆ ಒಂದೇ' ಎಂಬ ದನಿಯಲ್ಲಿ ಅನುಮಾನದ ಲವಲೇಶವೂ ಇಲ್ಲದಿರುವುದು ಇದರಿಂದಲೇ ಇರಬಹುದು.

ಆದರೂ ಎಲ್ಲವನ್ನೂ ಮಿದುಳಿನ ಮೇಲೆ ಹೊರಿಸುವುದು ಸರಿಯಲ್ಲ. ತೊಡಕು ಬಾಲ್ಯದಿಂದಲೇ ಮೆಲ್ಲಗೆ ಬಂದಿದ್ದರೆ ಹಿಂದೆ ಹೇಗಿದ್ದೆ ಎಂದು ಹೋಲಿಸಿಕೊಳ್ಳಲು ಒಂದು ಗೆರೆಯೇ ಇರುವುದಿಲ್ಲ. ಕೆಲಸವಿಲ್ಲದೆ ಮನೆಯಲ್ಲೇ ಕೂತವರಿಗೆ ನೆನಪಿಗೆ ಕೆಲಸ ಕೊಡುವ ಸಂದರ್ಭವೇ ಬರುವುದಿಲ್ಲ, ಹಾಗಾಗಿ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಹೇಳಿದರೆ ಇನ್ನೊಂದು ಮಾತ್ರೆ ಸೇರಿಸುತ್ತಾರೆ, 'ತಲೆ ಕೆಟ್ಟವನು' ಎಂಬ ಮಾತು ಇನ್ನಷ್ಟು ಗಟ್ಟಿಯಾಗುತ್ತದೆ ಎಂಬ ಭಯ ಕೆಲವರದು. ಇನ್ನು ಕೆಲವರನ್ನು ಯಾರೂ ಕೇಳಿಯೇ ಇಲ್ಲ. ಹೊರರೋಗಿ ವಿಭಾಗದ ಉದ್ದ ಸಾಲಿನ ಕೊನೆಯಲ್ಲಿ ಸಿಗುವ ಐದು ನಿಮಿಷದಲ್ಲಿ ನಿದ್ದೆ, ಊಟ, ದನಿ, ಮಾತ್ರೆ ಇಷ್ಟನ್ನು ಕೇಳುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ.

ತಿಳಿದವರ ಭಾರ

ಹಾಗಾದರೆ ತೊಡಕನ್ನು ಎತ್ತಿ ತೋರಿಸಿಬಿಟ್ಟರೆ ಆಯಿತೇ? ಇಲ್ಲಿ ತುಂಬ ಎಚ್ಚರ ಬೇಕು. ತಮ್ಮ ಕಾಯಿಲೆಯ ಬಗ್ಗೆ ಸ್ಪಷ್ಟ ತಿಳಿವಳಿಕೆ ಇರುವವರು ಚಿಕಿತ್ಸೆಯನ್ನು ಚೆನ್ನಾಗಿ ಮುಂದುವರಿಸುತ್ತಾರೆ, ನಿಜ. ಆದರೆ ಅವರಲ್ಲಿ ಖಿನ್ನತೆಯೂ ಹೆಚ್ಚು ಎಂದು ಹಲವು ಅಧ್ಯಯನಗಳು ಕಂಡಿವೆ. ತಲೆ ಓಡುವುದಿಲ್ಲ ಎಂಬ ದೂರು ಕೂಡ ಎಷ್ಟೋ ಸಲ ಪರೀಕ್ಷೆಯ ಅಂಕಕ್ಕಿಂತ ಮನಸ್ಸಿನ ನೋವಿನ ಜೊತೆಯೇ ಹೆಚ್ಚು ಹೊಂದಿಕೊಳ್ಳುತ್ತದೆ. ಆದ್ದರಿಂದ ಯಾರಾದರೂ 'ನನ್ನ ಬುದ್ಧಿ ಮೊದಲಿನ ಹಾಗಿಲ್ಲ' ಎಂದು ಬಾಯಿಬಿಟ್ಟರೆ ಎರಡು ಕಡೆ ನೋಡಬೇಕು. ನೆನಪನ್ನು ಪರೀಕ್ಷಿಸಬೇಕು. ಬದುಕಿನ ಆಸೆ ಬತ್ತಿದೆಯೇ ಎಂದೂ ಮೆಲ್ಲಗೆ ಕೇಳಬೇಕು.

ಕೊರತೆಯನ್ನು ತೋರಿಸುವ ಕೈ ದಾರಿಯನ್ನೂ ತೋರಿಸಬೇಕು. 'ನಿನಗೆ ನೆನಪಿರಲ್ಲ' ಎಂಬ ಮಾತಿನಿಂದ ಅವಮಾನವಷ್ಟೇ ಆಗುತ್ತದೆ. 'ಒಂದೇ ಸಲ ಮೂರು ಹೇಳಿದರೆ ಕಷ್ಟ ಆಗುತ್ತೆ ಅಲ್ವಾ? ಚೀಟಿ ಬರೆದುಕೊಂಡರೆ ಹೇಗೆ?' ಎಂದಾಗ ಅದೇ ಸತ್ಯ ಹೊರಲು ಆಗುವಷ್ಟು ಹಗುರವಾಗುತ್ತದೆ.

ಕಾಳು ಆರಿಸುವ ಕೈ

ಅಂಥ ದಾರಿಗಳು ಇವೆ. ಮೊದಲನೆಯದು ಮಾತ್ರೆಗಳ ಪರಿಶೀಲನೆ. ಕೈನಡುಕ, ಮೈಬಿಗಿತ ತಡೆಯಲು ಕೊಡುವ ಟ್ರೈಹೆಕ್ಸಿಫೆನಿಡಿಲ್‌ನಂಥ ಔಷಧಿಗಳು ನೆನಪನ್ನು ಇನ್ನಷ್ಟು ಮಂಕಾಗಿಸಬಲ್ಲವು. ಅದು ಇನ್ನೂ ಬೇಕೇ ಎಂದು ವೈದ್ಯರನ್ನು ಕೇಳುವುದು ರೋಗಿಯ ಹಕ್ಕು. ತಾವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು. ನೆನಪು, ಗಮನಗಳನ್ನೇ ನೇರವಾಗಿ ಸರಿಪಡಿಸುವ ಮಾತ್ರೆಗಾಗಿ ಹುಡುಕಾಟ ನಡೆದೇ ಇದೆ. ದೊಡ್ಡ ನಿರೀಕ್ಷೆ ಹುಟ್ಟಿಸಿದ್ದ ಐಕ್ಲೆಪರ್ಟಿನ್ ಎಂಬ ಔಷಧಿ ಅಂತಿಮ ಹಂತದ ಪರೀಕ್ಷೆಗಳಲ್ಲಿ ಗುರಿ ಮುಟ್ಟಲಿಲ್ಲ ಎಂದು 2025ರ ಜನವರಿಯಲ್ಲಿ ಪ್ರಕಟವಾಯಿತು.

ಎರಡನೆಯ ದಾರಿ ಅಭ್ಯಾಸದ್ದು. ನೆನಪು, ಗಮನ, ಯೋಜನೆಗಳಿಗೆ ಹಂತಹಂತವಾಗಿ ಕೆಲಸ ಕೊಟ್ಟು ಪಳಗಿಸುವ ಈ ಚಿಕಿತ್ಸೆಯನ್ನು ಅರಿವಿನ ಮರುತರಬೇತಿ ಎನ್ನಬಹುದು. 2021ರಲ್ಲಿ ಇಟಲಿಯ ಆಂಟೋನಿಯೋ ವೀಟಾ ಮತ್ತು ಸಂಗಡಿಗರು 130 ಅಧ್ಯಯನಗಳನ್ನು, ಅಂದರೆ 8,851 ಜನರ ಫಲಿತಾಂಶವನ್ನು ಕೂಡಿಸಿ ನೋಡಿದರು. ಲಾಭ ಪವಾಡದಷ್ಟು ದೊಡ್ಡದಲ್ಲ, ಆದರೆ ನಿಜವಾದದ್ದು. ತರಬೇತಿ ಪಡೆದ ಒಬ್ಬರು ಪಕ್ಕದಲ್ಲಿದ್ದು ನಡೆಸಿಕೊಟ್ಟಾಗ, ಕಲಿತ ಉಪಾಯವನ್ನು ದಿನದ ಕೆಲಸಕ್ಕೆ ಹೊಂದಿಸಿಕೊಟ್ಟಾಗ ಅದು ಹೆಚ್ಚಿತು. ಪಕ್ಕದಲ್ಲಿರುವವರು 'ಇದು ಯಾಕೆ ತಪ್ಪಾಯಿತು? ಮುಂದಿನ ಸಲ ಏನು ಮಾಡೋಣ?' ಎಂದು ಕೇಳುತ್ತ ಹೋದಂತೆ ತನ್ನನ್ನು ತಾನು ಗಮನಿಸುವ ಅಭ್ಯಾಸವೂ ಬೆಳೆಯಬಲ್ಲದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶೋಭಿನಿ ರಾವ್, ಶಾಂತಲಾ ಹೆಗ್ಡೆ ಮತ್ತು ಸಂಗಡಿಗರು ಕಾಯಿಲೆ ಹೊಸದಾಗಿ ಬಂದವರಿಗಾಗಿ ಮನೆಯಲ್ಲೇ ಮಾಡಬಹುದಾದ ಎರಡು ತಿಂಗಳ ತರಬೇತಿಯನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಗಮನ ಹಂಚುವುದು, ಯೋಜನೆ ಮಾಡುವುದು ಮೊದಲಾದವುಗಳಲ್ಲಿ ಸುಧಾರಣೆ ಕಂಡಿತು. ನಿಮ್ಹಾನ್ಸ್ ಬೆಳೆಸಿದ ಮರುತರಬೇತಿಯ ಅಭ್ಯಾಸಗಳಲ್ಲಿ ನನ್ನ ಮನಸ್ಸಿಗೆ ಬಹಳ ಹತ್ತಿರವಾದದ್ದು ಒಂದಿದೆ: ಕಲಸಿದ ಕಾಳುಗಳನ್ನು ಬೇರೆಬೇರೆಯಾಗಿ ಆರಿಸುವುದು. ಮೊದಲು ಸುಲಭವಾಗಿ ಬೇರೆ ಕಾಣುವ ಕಾಳು, ಆಮೇಲೆ ಒಂದನ್ನೊಂದು ಹೋಲುವ ಕಾಳು. ನಮ್ಮ ಅಜ್ಜಿಯರು ಮೊರ ಹಿಡಿದು ಜಗಲಿಯ ಮೇಲೆ ಕೂತು ಮಾಡುತ್ತಿದ್ದ ಕೆಲಸವಿದು. ಇದಕ್ಕೆ ಕಂಪ್ಯೂಟರ್ ಬೇಡ, ಇಂಗ್ಲಿಷ್ ಬೇಡ. ಮುಗಿದಾಗ ಎಷ್ಟು ಕಾಳು ತಪ್ಪಾಗಿ ಸೇರಿದೆ ಎಂಬುದನ್ನು ಮಾಡಿದವರೇ ಕಣ್ಣಾರೆ ನೋಡಬಹುದು. ಸೋರುವ ಸೇರಿಗೆ ಹೊರಗಿನಿಂದ ಸಿಗುವ ಅಳತೆ ಅದು. ಬೈಗುಳವಿಲ್ಲದೆ, ತೀರ್ಪಿಲ್ಲದೆ ತನ್ನ ತಪ್ಪು ತನಗೆ ಕಾಣುತ್ತದೆ. ಮರುದಿನ ಅದು ಕಡಿಮೆಯಾದದ್ದೂ ಕಾಣುತ್ತದೆ.

ಮನೆಯವರ ಪಾಲೂ ಇಲ್ಲಿ ದೊಡ್ಡದು. ಅಮೆರಿಕದ ರಿಚರ್ಡ್ ಕೀಫ್ ರೂಪಿಸಿದ ಒಂದು ಅಳತೆಗೋಲಿನಲ್ಲಿ ರೋಗಿಯ ಜೊತೆಗೆ ಅವರನ್ನು ಹತ್ತಿರದಿಂದ ಬಲ್ಲವರನ್ನೂ ಕೂರಿಸಿ ಕೇಳುತ್ತಾರೆ. ಹಾಗೆ ಕೇಳಿದಾಗ ಸಿಗುವ ಚಿತ್ರ ಪರೀಕ್ಷೆಯ ಅಂಕಗಳಿಗೆ ಹೆಚ್ಚು ಹತ್ತಿರ. 'ಮರೆವು ಇದೆಯೇ' ಎಂದು ಕೇಳುವ ಬದಲು 'ನಿನ್ನೆ ನೋಡಿದ ಧಾರಾವಾಹಿಯ ಕಥೆ ಹೇಳಲಾಗುತ್ತದೆಯೇ, ಗ್ಯಾಸ್ ಆರಿಸಲು ಮರೆತದ್ದುಂಟೇ, ನಾಲ್ಕು ಜನ ಮಾತಾಡುವಾಗ ಹಿಂಬಾಲಿಸಲು ಆಗುತ್ತದೆಯೇ' ಎಂದು ಕೇಳಿದರೆ ರೋಗಿಗೂ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ. ತೊಡಕು ಆಗ ಅವರ ಸ್ವಂತ ಮಾತಿನಲ್ಲೇ ಹೊರಬರುತ್ತದೆ.

ಜಗತ್ತಿನಲ್ಲಿ ಸುಮಾರು 2.4 ಕೋಟಿ ಜನರಿಗೆ, ಅಂದರೆ ಸರಿಸುಮಾರು 300ರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜು ಮಾಡಿತ್ತು. ನಮ್ಮ ಒಂದು ದೊಡ್ಡ ಹಳ್ಳಿಯಲ್ಲಿ ಇಂಥ ಹಲವು ಮನೆಗಳಿರಬಹುದು. ಅಲ್ಲೆಲ್ಲ ಒಬ್ಬ ಮಗ, ಒಬ್ಬ ಸೊಸೆ, ಒಬ್ಬ ಅಣ್ಣ ಸೋಮಾರಿ ಎಂಬ ಹೆಸರು ಹೊತ್ತು ತಿರುಗುತ್ತಿರಬಹುದು. ಆ ಹೆಸರನ್ನು ಅವರ ತಲೆಯಿಂದ ಇಳಿಸಿದರೆ ಅರ್ಧ ಚಿಕಿತ್ಸೆ ಮಾಡಿದ ಹಾಗೆ ಎಂದು ನಾನು ನಂಬುತ್ತೇನೆ.

ಬೇಳೆ ತಂದ ಮಗನ ಮನೆಗೆ ಮರಳೋಣ. ತಾಯಿ ಈಗ ಮೂರು ಸಾಮಾನನ್ನು ಒಟ್ಟಿಗೆ ಹೇಳುವುದಿಲ್ಲ. ಒಂದು ಹೇಳಿ ನಿಲ್ಲುತ್ತಾಳೆ, ಅವನು ಅದನ್ನು ತಿರುಗಿ ಹೇಳಿದ ಮೇಲೆ ಇನ್ನೊಂದು. ಎರಡು ತಿಂಗಳಾದ ಮೇಲೆ ಒಂದು ಸಂಜೆ ಅವನು ಬಾಗಿಲವರೆಗೆ ಹೋದವನು ತಾನಾಗಿಯೇ ಹಿಂತಿರುಗುತ್ತಾನೆ.

"ಅಮ್ಮ, ಮೂರನೇದು ಜಾರಿಹೋಯ್ತು. ಇನ್ನೊಂದ್ಸಲ ಹೇಳು, ಬರ್ಕೋತೀನಿ."